ಇಲಜವ್ವನ ಎಡಗೈ

ಮೊದಲನೇ ದಿನ ಆಕಿ ಎಡಗೈಲೆ ರೊಟ್ಟಿ ಮುರದ್ಲು.
ಖಾನಾವಳಿ ತುಂಬ ಒಂದು ಗಳಿಗಿ
ಯಾರ ದವಡಿನೂ ಅಳ್ಳಾಡಲಿಲ್ಲ.

ಪುಣೆಯ ನಾರಾಯಣ ಪೇಠದ ಈ ಓಣ್ಯಾಗ
ಇಪ್ಪತ್ತೆರಡು ವರ್ಷದಿಂದ ಒಲಿ ಹೊತ್ತಸೇನಿ.
ಬ್ಯಾಂಕಿನ ಹಾವಗೊಂಡ ಸಾಹೇಬ್ರು,
ಪ್ರೆಸ್ಸಿನ್ಯಾಗ ಮೊಳೆ ಜೋಡಸೋ ದುಂಡಪ್ಪ,
ಸೊಲ್ಲಾಪುರದಿಂದ ಬಂದು ಅಂಗಡಿ ಲೆಕ್ಕಾ ಬರಿಯೋ ಹುಡುಗೂರು,
ಎಲ್ಲಾರೂ ಬಲಗೈಯವರು.

ಹೆಸರು ಇಲ್ಜೆ ಅಂತ. ಲಾಟ್ವಿಯಾದಾಕಿ.
ದುಂಡಪ್ಪನ ಬಾಯಾಗ ಎರಡೇ ದಿನಕ್ಕ ಇಲಜವ್ವ ಆದ್ಲು.
ಹಳೇ ತಾಳೆಗರಿ ಓದಾಕ ಬಂದಾಕಿ, ಸಂಸ್ಕೃತ ಪಾಠ ಆಗೇದ,
'ಉಚ್ಛಿಷ್ಟ' ಅಂದ್ರ ಏನಂತ ನಮಗ ಬಿಡಿಸಿ ಹೇಳಿದ್ಲು.
ಹೇಳಿದ ಮರುಗಳಿಗಿನ
ತಾನು ನೆಕ್ಕಿದ ಚಮಚಾ ಎಣ್ಣಿಗಾಯಿ ಬೋಗಾಣ್ಯಾಗ ಅದ್ದಿದ್ಲು.
ಆ ಇಡೀ ಬೋಗಾಣಿ ಬಾಜೂಕ ಸರಿಸಿ
ಅವತ್ತು ಎಲ್ಲಾರಿಗೂ ಝುಣಕ ನೀಡಿದೆ.

"ಊಟ ಆತೇನ್ರೀ?" ಅಂತ ಯಾರರ ಕೇಳಿದ್ರ
ನಿಂತು, ನೆನಸಿ, ಪೂರಾ ಹೇಳಾಕಿ:
"ಎರಡು ಬಾಳೆಹಣ್ಣು. ಚಹಾ. ಅರ್ಧ ಬಿಸ್ಕೀಟು."
ಉಳಿದರ್ಧ ಎಲ್ಲಿ ಹೋತು ಅಂತ
ದುಂಡಪ್ಪನ ಚಿಂತಿ.

ಚರಗಿ ಎತ್ತಿ, ತುಟಿ ಹಚ್ಚದಂಗ ನೀರು ಕುಡಿಯೋದು ಕಲಿಯೋದ್ರಾಗ
ಮೂರು ಅಂಗಿ ತೋಯಿಸಿಕೊಂಡ್ಲು.
ಸಾಕು ಅಂದ್ಲು, ನೀಡಿದೆ.
ಸಾಕು ಸಾಕು ಅಂದ್ಲು, ಮತ್ತ ನೀಡಿದೆ.
ಸಾಕು ಅನ್ನೋ ಮಾತನ್ನ ನಾವು ಯಾವಾಗ ಕೇಳಿವಿ?
ತಾಟಿನ ಮ್ಯಾಲ ಅಡ್ಡ ಕೈ ಇಟ್ಟು ಮಕ್ಕೊಳ್ಳಬೇಕು ಅಂತ
ಆಕಿಗೆ ಹೇಳಾವರು ಯಾರು?
ಒಂದು ಅಗಳು ಬಿಡಲಿಲ್ಲ. ಕಣ್ಣಾಗ ನೀರು.
ಬ್ರೆಡ್ಡಿನ ಚೂರು ನೆಲಕ್ಕ ಬಿದ್ರ
ಎತ್ತಿ ಮುದ್ದು ಕೊಡತಿದ್ಲಂತ ಅವರಜ್ಜಿ.
ಹಸಿವು ಕಂಡ ಮನಿತನ, ನನಗ ಗೊತ್ತಾತು.
ಅವತ್ತಿನಿಂದ ಕಮ್ಮಿ ನೀಡಿದೆ.

ಆದ್ರ ಆ ಎಡಗೈ.
"ಬಾಯಿ, ಆಕಿಗೆ ಬ್ಯಾರೆ ಕಡೆ ಹಾಕ್ರಿ," ಅಂದ್ರು ಸಾಹೇಬ್ರು
ಮಜ್ಜಿಗಿ ಲೋಟದಾಗ ಮುಖಾ ಇಟಗೊಂಡು.
ನಾನ ಹೇಳಿದೆ ಇಲಜವ್ವಗ.
"ಹೌದೇನು," ಅಂದ್ಲು, ಅಷ್ಟ.
ಮರುದಿನದಿಂದ ಬಲಗೈ.
ಝುಣಕ ಗದ್ದದ ಮ್ಯಾಲ, ಚಟ್ನಿ ತೊಡಿ ಮ್ಯಾಲ,
ಬಾಯಿಗೆ ಮುಟ್ಟಿದ್ದು ಅರ್ಧ.
ಮೂರು ವಾರಕ್ಕ ಕಲತ್ಲು. ಎಲ್ಲಾರೂ ಶಾಬಾಸ್ ಅಂದ್ರು.

ಒಂದಿನ ಬಗ್ಗಿ ಸಾರು ಬಡಸೋವಾಗ ಕಂಡೆ,
ಎಡಗೈ ತೊಡಿ ಕೆಳಗ ಒತ್ತಿ ಇಟಗೊಂಡಾಳ,
ಬೆರಳು ಬಿಳುಚೇರ್ಯಾವ.

ಸಾರು ಚೆಲ್ಲಿತು. ಚೆಲ್ಲಿದ್ದು ನನ್ನ ಕೈ ಅಲ್ಲ,
ಆರು ವರ್ಷದ ಪೋರಿದು.
ಅವ್ವ ಹರದ ಸೀರಿ ಅಂಚಿಲೆ
ನನ್ನ ಎಡಗೈ ಕಂಬಕ್ಕ ಕಟ್ಟತಿದ್ಲು, ದಿನಾ, ಊಟದ ಹೊತ್ತಿಗೆ.
ಎಡಚಿನ್ನ ಯಾವ ಮನಿಯವರು ಮಾಡಕೋತಾರ ಅಂತ.
ಆಕಿನೂ ಅಳತಿದ್ಲು ಕಟ್ಟೋವಾಗ.
ಗಂಟು ಮಾತ್ರ ಸಡಲ ಬಿಡಲಿಲ್ಲ.

ಒಂದಕ್ಕ ಬಾಗಲಾ ಹಾಕಿದೆ.
ನಾಕರ ತನಕಾ ಪುಣೆದಾಗ ಯಾರೂ ಬಡಿಯಂಗಿಲ್ಲ.
ಒಲಿ ಮುಂದ ಎರಡು ತಾಟು ಇಟ್ಟೆ.
"ತಗಿ ಆ ಕೈ," ಅಂದೆ.
ಆಕಿ ನೋಡಿದ್ಲು.
ನಾನೂ ನಂದನ್ನ ತಗದೆ.

ರೊಟ್ಟಿ ಬಡಿಯೋವಾಗ ಎರಡೂ ಕೈ ಬೇಕು,
ಒಂದು ತಟ್ಟತದ, ಒಂದು ತಿರುಗಸತದ,
ಯಾವುದು ಯಾವುದಂತ ತಿನ್ನೋರು ಕೇಳಂಗಿಲ್ಲ.
ಆದ್ರ ಬಾಯಿಗೆ ಹೋಗೋ ದಾರಿ
ನಲವತ್ತು ವರ್ಷದಾಗ ನನ್ನ ಎಡಗೈ ಮರತಿತ್ತು.
ತುತ್ತು ಹೋಗಿ ಮೂಗಿಗೆ ಬಡೀತು.
ಇಲಜವ್ವ ನಕ್ಕು ನಕ್ಕು ಬಿಕ್ಕಿದ್ಲು.
ಚರಗಿ ಕೊಟ್ಟೆ,
ತುಟಿ ಹಚ್ಚೇ ಕುಡದ್ಲು.
ನಾ ಏನೂ ಅನ್ನಲಿಲ್ಲ.

ಈಗೂ ಮಂದಿ ನಡುವ ಬಲಗೈಲೇ ಉಣ್ಣತಾಳ.
ಎಡಗೈ ಮಾತ್ರ ತೊಡಿ ಕೆಳಗಿಲ್ಲ.
ತಾಟಿನ ಬಾಜೂಕ, ಟೇಬಲ್ ಮ್ಯಾಲ,
ಮನಿ ಬೆಕ್ಕಿನಂಗ ಮಲಗಿರತದ.
ಸಾಹೇಬ್ರು ಒಂದ್ಸಲ ನೋಡಿದ್ರು,
ಮತ್ತೊಂದು ರೊಟ್ಟಿ ಕೇಳಿದ್ರು.